ಕುಲುಮೆಯ ನೀರಿನ ಡ್ರಮ್ಮು

ಕಿಕ್ಕೇರಿಯ ನಮ್ಮ ಕುಲುಮೆಯಲ್ಲಿ ಅಪ್ಪ ಕಾದ ಕುಡುಗೋಲು ಅದ್ದುತ್ತಿದ್ದ ನೀರಿನ ಡ್ರಮ್ಮನ್ನು ಯಾರೂ ಬರಿದು ಮಾಡುತ್ತಿರಲಿಲ್ಲ. ನೀರು ತಗ್ಗಿದರೆ ಸುರಿಯುತ್ತಿದ್ದೆವು, ಅಷ್ಟೆ. ಅಪ್ಪನ ತಿಥಿಯ ಮಾರನೆಯ ಬೆಳಗ್ಗೆ ಅಣ್ಣ ಲಕ್ಷ್ಮಣ ಅದನ್ನು ಚರಂಡಿಗೆ ಬಗ್ಗಿಸಿದ.

"ತಳಕ್ಕೆ ತೂತು ಹೊಡಿಲಾ, ಕಸ ಸುಡಕಾಯ್ತದೆ. ಮೊದ್ಲು ಅಪ್ಪನ ಹಾಸ್ಗೆ ಹೋಗ್ಲಿ."

"ಹಾಸ್ಗೆ ನಾನು ಮಡಿಕತೀನಿ ಕಣಣ್ಣ. ಡ್ರಮ್ಮೂವೆ."

"ಮಡಿಕಂಡು ಪೂಜೆ ಮಾಡ್ತೀಯಾ? ಹೊಡಿಲೇ."

ಅಪ್ಪ ಹಾಸಿಗೆ ಹಿಡಿದಿದ್ದ ವರ್ಷವೆಲ್ಲ ಅವನು ಮುಖ ತೋರಿಸಿರಲಿಲ್ಲ. ಆದರೂ ಹಿರಿಯ ಮಗ. ನಾನು ಉಳಿಯಿಂದ ತೂತು ಹೊಡೆದು, ಗಾಳಿಯಾಡಲೆಂದು ಡ್ರಮ್ಮನ್ನು ಇಟ್ಟಿಗೆಗಳ ಮೇಲೆ ನಿಲ್ಲಿಸಿದೆ.

ಅಣ್ಣ ಹಾಸಿಗೆಯನ್ನು ಅದರೊಳಗೆ ತುರುಕಿ ಬೆಂಕಿ ಇಟ್ಟ. ಹಾಸಿಗೆ ಹತ್ತಿಕೊಂಡು ಉರಿ ಡ್ರಮ್ಮಿನ ಬಾಯಿಗೆ ಬಂತು. ಒಳಗಿಂದ 'ಚುಂಯ್' ಎಂದಿತು. ಸ್ವಲ್ಪ ಬಿಟ್ಟು ಮತ್ತೆ ಚುಂಯ್. ಹಿತ್ತಲ ಬಾಗಿಲಿಂದ ಅವ್ವ ಕೂಗಿದಳು: "ಕಬ್ಣ ಅದ್ತಾ ಇರೋರು ಯಾರ್ಲಾ?"

"ಹಸಿ ಹತ್ತಿ ಕಣವ್ವ" ಎಂದು ಅಣ್ಣ ನಕ್ಕ.

ನಾನು ಡ್ರಮ್ಮಿನ ತಗಡು ಮುಟ್ಟಿದೆ. ಬಾವಿನೀರಿನಷ್ಟು ತಣ್ಣಗಿತ್ತು. "ತಣ್ಣಗದೆ ಕಣಣ್ಣ" ಎಂದೆ. "ಸುಳ್ಳೇಳ್ಬ್ಯಾಡ" ಎಂದು ಅಣ್ಣ ಬಲ ಅಂಗೈ ಒತ್ತಿದ. ಥಟ್ಟನೆ ಕಿತ್ತುಕೊಂಡು, ಆ ಕೈಯನ್ನು ಉರಿಯ ಮೇಲೆ ಹಿಡಿದು ಕಾಸಿಕೊಳ್ಳತೊಡಗಿದ.

ಈಗ ಆ ಕೈಯಲ್ಲಿ ಹಿಡಿದ ಕಾಫಿ ಎರಡು ಗುಟುಕಿಗೇ ಆರಿಹೋಗುತ್ತದೆ. ಅತ್ತಿಗೆ ಲೋಟವನ್ನು ಅವನ ಎಡಗೈಗೇ ಕೊಡುತ್ತಾರೆ.