ಲಾಂಚ್‌ಗೆ ಮೊದಲೇ ಬಿದ್ದ ಹಾರ

ಅವನು ಕಾರಿನಿಂದ ಇಳಿದ!

ಕನ್ನಡಿಯಲ್ಲಿ ಕಂಡಿತು. ನಮ್ಮ ಹಿಂದೆ ಎರಡು ಗಾಡಿ ಬಿಟ್ಟು ಬಿಳಿ ಕಾರು. ಬಾಗಿಲು ತೆರೆಯಿತು. ದೀಕ್ಷಿತ್ ಇಳಿದ. ಬಲಗೈಗೆ ಟವೆಲ್ ಸುತ್ತಿಕೊಂಡಿದ್ದ.

ಮಂಗಳೂರಿನ ಸೆಕೆಗೆ ಟವೆಲನ್ನು ಹೆಗಲಿಗೆ ಹಾಕುತ್ತಾರೆ. ಕೈಗೆ ಸುತ್ತುವುದಿಲ್ಲ... ಒಳಗೆ ಏನಾದರೂ ಇದ್ದರೆ ಮಾತ್ರ ಸುತ್ತುತ್ತಾರೆ!

ಕೂಳೂರು ಸೇತುವೆ. ನಡು ಹಗಲು. ಮುಂದೆ ಟ್ಯಾಂಕರ್. ಬಲಕ್ಕೆ ಮೀನಿನ ಲಾರಿ. ಎಡಕ್ಕೆ ಸೇತುವೆಯ ಕಟ್ಟೆ, ಅದರ ಕೆಳಗೆ ಹೊಳೆ. ಎಲ್ಲರೂ ಹಾರ್ನ್ ಹೊಡೆಯುತ್ತಿದ್ದರು. ಯಾರೂ ಅಲುಗಾಡುತ್ತಿರಲಿಲ್ಲ.

ಅಟ್ಟಿಸಿಕೊಂಡು ಬಂದವನೂ ಬ್ಲಾಕ್‌ನಲ್ಲಿ. ಓಡಿಹೋಗುತ್ತಿದ್ದ ನಾನೂ ಬ್ಲಾಕ್‌ನಲ್ಲಿ!

ಪಕ್ಕದ ಸೀಟಿನಲ್ಲಿ ನಿರೀಕ್ಷಾ. ವೆಬ್‌ಸೈಟ್ ಮಾಡುವ ಹುಡುಗಿ. ಲ್ಯಾಪ್‌ಟಾಪನ್ನು ಎದೆಗೆ ಒತ್ತಿ ಹಿಡಿದಿದ್ದಳು.

“ಅಣ್ಣಾ... ಅವನು ಬರ್ತಾ ಇದ್ದಾನೆ.”

“ಕಂಡಿತು.”

“ಎಂತ ಮಾಡುವುದು ಈಗ?”

“ಸುಮ್ಮನಿರು ಮಾರಾಯ್ತಿ! ಯೋಚನೆ ಮಾಡ್ತಾ ಇದ್ದೇನೆ.”

ಸುಳ್ಳು. ಯೋಚನೆ ಒಂದೂ ಬರುತ್ತಿರಲಿಲ್ಲ. ಹೆದರಿಕೆಗೆ ಬಾಗಿಲಿನ ಲಾಕನ್ನು ಎರಡೆರಡು ಸಲ ಒತ್ತಿ ನೋಡಿದೆ.

ನಗಬೇಡಿ. ನಾನು ಯೋಗೀಶ್. ಓದಿದ್ದು ಊರ ಶಾಲೆಯಲ್ಲಿ, ಏಳನೆಯವರೆಗೆ. ಮನೆ ಜೆಪ್ಪುವಿನಲ್ಲಿ. ಕೆಲಸ ‘ಸೆಟ್ಲ್‌ಮೆಂಟ್’. ಖಾಲಿ ಮಾಡದ ಬಾಡಿಗೆದಾರ, ವಾಪಸ್ ಕೊಡದ ಗಾಡಿ... ನಾನು ಹೋಗಿ ಬಾಗಿಲಲ್ಲಿ ನಿಂತರೆ ಸಾಕು, ಕೆಲಸ ಆಗುತ್ತದೆ. ಸಿಟ್ಟು ಬೇಗ ಬರುತ್ತದೆ ಅಂತ ಊರಿಗೇ ಗೊತ್ತು. ಹೆದರಿಕೆ ಬರುತ್ತದೆ ಅಂತ ನನಗೇ ಗೊತ್ತಿರಲಿಲ್ಲ.

ಬೆಳಿಗ್ಗೆ ಕೂಡ ಗೊತ್ತಿರಲಿಲ್ಲ!

ಬೆಳಿಗ್ಗೆ ನನ್ನನ್ನು ಕರೆಸಿದ್ದು ಜಯಪಾಲ. ಹಳೆಯ ಗುತ್ತಿನ ಮನೆತನ, ಜಮೀನ್ದಾರರು. ನಗರದಲ್ಲಿ ಎರಡು ಲಾಡ್ಜ್, ಈಗ ಹೊಸದಾಗಿ ಒಂದು ದೊಡ್ಡ ಹೋಟೆಲ್. ಎಲ್ಲದರಲ್ಲೂ ಅರ್ಧ ಪಾಲು ಅವನ ಅಕ್ಕ ಶಶಿಪ್ರಭಾ ಅವರದು. ಅವರಿಗೆ ಮದುವೆ ಇಲ್ಲ, ಮಕ್ಕಳಿಲ್ಲ.

“ಯೋಗೀಶ, ನಾಡಿದ್ದು ಓಪನಿಂಗ್. ಅದೇ ಮುಹೂರ್ತಕ್ಕೆ ವೆಬ್‌ಸೈಟ್ ಲಾಂಚ್. ಆ ಹುಡುಗಿ ಮೂರು ತಿಂಗಳು ಎಳೆದಳು. ಈಗ ಫೋನ್ ಎತ್ತುವುದಿಲ್ಲ.”

“ಒಂದು ವೆಬ್‌ಸೈಟಿಗೆ ಮೂರು ತಿಂಗಳಾ!”

“ಅದನ್ನೇ ನಾನೂ ಕೇಳಿದ್ದು. ಹೋಗಿ ಅವಳ ಲ್ಯಾಪ್‌ಟಾಪ್ ತಾ. ಫೋನೂ ತಾ. ನೀನು ತೆರೆದು ನೋಡ್ಲಿಕ್ಕೆ ಹೋಗಬೇಡ.”

ಕೊನೆಯ ಮಾತು ನನಗೆ ಹಿಡಿಸಲಿಲ್ಲ. ಆದರೂ ಹೊರಟೆ. ಬಾಗಿಲು ದಾಟುವಾಗ ಅವನು ತನ್ನ ಆಳಿನ ಜೊತೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು.

“ದೀಕ್ಷಿತ್, ಅಕ್ಕನಿಗೆ ಇವತ್ತು ಡಿಸ್ಚಾರ್ಜ್. ರೆಸ್ಟಿಗೆ ಗೆಸ್ಟ್ ಹೌಸಿಗೆ ಕರ್ಕೊಂಡು ಹೋಗುವುದು. ಕತ್ತಲೆಗೆ ಮೊದಲು ಚಾರ್ಮಾಡಿ ಘಾಟಿ ಹತ್ತಬೇಕು. ಗಾಡಿ ನೀನೇ ಬಿಡು. ಬೇರೆ ಯಾರೂ ಬೇಡ.”

ಅಕ್ಕನ ಮೇಲೆ ಎಷ್ಟು ಪ್ರೀತಿ ಅಂದುಕೊಂಡೆ!

ನಿರೀಕ್ಷಾಳ ಆಫೀಸು ಸುರತ್ಕಲ್‌ನಲ್ಲಿ, ಒಂದು ಜೆರಾಕ್ಸ್ ಅಂಗಡಿಯ ಮೇಲೆ. ಆಫೀಸೆಂದರೆ ಒಂದು ಕೋಣೆ. ಬಾಗಿಲಿಗೆ ಒಳಗಿನಿಂದ ಚಿಲಕ. ನಾನು ಗುದ್ದಿದ ಗುದ್ದಿಗೆ ಕೆಳಗಿನ ಅಂಗಡಿಯವನು ಹೊರಗೆ ಬಂದು ನೋಡಿದ.

ಬಾಗಿಲು ಒಂದು ಬೆರಳಿನಷ್ಟು ತೆರೆಯಿತು. ಕೆಂಪಾದ ಕಣ್ಣು. ನಿದ್ದೆ ಮಾಡದ ಮುಖ.

“ಜಯಪಾಲ ಸರ್ ಕಳಿಸಿದ್ದಾ?”

“ಹೌದು! ಎಂತದು ನಿನ್ನ ಮೂರು ತಿಂಗಳು? ಬೋರ್ಡ್ ಬರೆಯುವವನು ಒಂದೇ ದಿವಸದಲ್ಲಿ ಬರೆದು ಕೊಡ್ತಾನೆ!”

ಅವಳಿಗೆ ಸಿಟ್ಟು ಬಂತು. ಅಷ್ಟು ಹೆದರಿದ್ದರೂ ಬಂತು! ಬಾಗಿಲು ಪೂರ್ತಿ ತೆರೆದೇ ಬೈದಳು.

“ಬೋರ್ಡಿಗೆ ಹೆಸರು ಒಂದು ಸಾಕು. ಇದಕ್ಕೆ ಸಾಕಾಗ್ತದಾ? ಯಾರು ನೋಡ್ತಾರೆ, ಎಂತ ಕೇಳ್ತಾರೆ, ರೂಮ್ ಹೇಗೆ ಬುಕ್ ಮಾಡ್ತಾರೆ... ಕೂತು ಪ್ಲಾನ್ ಮಾಡ್ಲಿಕ್ಕೇ ಎರಡು ಮೂರು ವಾರ ಬೇಕು. ಮತ್ತೆ ಡಿಸೈನ್. ಮತ್ತೆ ಕಟ್ಟುವುದು. ಮತ್ತೆ ಎಲ್ಲ ಫೋನಿನಲ್ಲಿ ಓಡ್ತದಾ ಅಂತ ಟೆಸ್ಟಿಂಗ್. ನಡುವೆ ಫೋಟೋ, ಬರಹ ಎಲ್ಲ ಕೆಲಸ ಕೊಟ್ಟ ಪಾರ್ಟಿಯವರೇ ಕೊಡಬೇಕು. ತಡ ಆಗುವುದೇ ಅಲ್ಲಿ. ನಾಳೆ ಕೊಡ್ತೇನೆ, ನಾಡಿದ್ದು ಕೊಡ್ತೇನೆ...”

“ಜಯಪಾಲ ಕೊಡ್ಲಿಲ್ವಾ?”

ಅವಳ ಸಿಟ್ಟು ತಟ್ಟನೆ ಇಳಿಯಿತು.

“ಕೊಟ್ರು. ಮೊದಲ ವಾರವೇ ಕೊಟ್ರು. ಟೈಪ್ ಮಾಡ್ಲಿಕ್ಕೆ ಉದಾಸೀನ ಅಂತ ವಾಯ್ಸ್ ಮೆಸೇಜಿನಲ್ಲೇ ಎಲ್ಲ ಹೇಳಿದ್ರು. ಯಾರೂ ಅಷ್ಟು ಬೇಗ ಕೊಡುವುದಿಲ್ಲ ಅಣ್ಣ.”

ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು. ನೋಡಬೇಡ ಅಂದದ್ದನ್ನು ನಾನು ನೋಡಿದೆ.

ಮೇಲೆ ಜಯಪಾಲನ ದೊಡ್ಡ ಫೋಟೋ. ಕೆಳಗೆ ಒಬ್ಬ ಹೆಂಗಸು. ಕನ್ನಡಕ, ತುಂಬು ನಗು. ಆ ಫೋಟೋಗೆ ಗಂಧದ ಹಾರ. ಬದಿಯಲ್ಲಿ ಉರಿಯುವ ದೀಪದ ಚಿತ್ರ. ‘ನಮ್ಮ ಪ್ರೀತಿಯ ಅಕ್ಕ ಶಶಿಪ್ರಭಾ... ಸದಾ ನೆನಪಿನಲ್ಲಿ.’

“ಇವರು ತೀರಿಹೋದ್ರಾ? ಯಾವಾಗ?”

“ನಾನೂ ತೀರಿಹೋದವರು ಅಂತಲೇ ಅಂದುಕೊಂಡಿದ್ದೆ. ಮೊನ್ನೆವರೆಗೆ.”

“ಮೊನ್ನೆ ಎಂತ ಆಯ್ತು?”

“ಅವರು ನನಗೆ ಫೋನ್ ಮಾಡಿದ್ರು!”

ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಆದರೂ ನನ್ನ ಬೆನ್ನಿನಲ್ಲಿ ಬೆವರು ಇಳಿಯಿತು.

“ಫಳ್ನೀರ್‌ನ ಆಸ್ಪತ್ರೆಯಲ್ಲಿ ಇದ್ದಾರಂತೆ. ಮೊಣಕಾಲಿನ ಆಪರೇಷನ್. ಮಲಗಿ ಬೋರ್ ಆಗ್ತದೆ, ವೆಬ್‌ಸೈಟ್ ಇನ್ನೂ ಆಗ್ಲಿಲ್ವಾ ಮಗಾ, ನನ್ನ ಯಾವ ಫೋಟೋ ಹಾಕಿದ್ದಿ, ದಪ್ಪ ಕಾಣುವುದು ಬೇಡ... ಹಾಗೆಲ್ಲ ಮಾತಾಡಿದ್ರು. ನಾನು ಅದೇ ಫೋಟೋ ನೋಡ್ತಾ ಕೂತಿದ್ದೆ ಅಣ್ಣ!”

“ನೀನು ಎಂತ ಮಾಡಿದ್ದಿ?”

“ಜಯಪಾಲ ಸರ್‌ಗೆ ಫೋನ್ ಮಾಡಿ, ನಿಮ್ಮ ಅಕ್ಕ ಇದ್ದಾರಲ್ಲ ಸರ್ ಅಂದೆ. ಅವರು ಕೇಳಿದ್ದು ಒಂದೇ... ಬೇರೆ ಯಾರಿಗೆ ಹೇಳಿದ್ದಿ?”

ಆಮೇಲೆ ಅವಳು ಫೋನ್ ಎತ್ತಲಿಲ್ಲ.

“ಅಲ್ಲ, ಬದುಕಿದ್ದವರ ಫೋಟೋಗೆ ಯಾಕೆ ಹಾರ ಹಾಕಿಸಿದ ಅವನು?”

“ನಾನೇ ಹೇಳಿದ್ದು ಅಣ್ಣ. ಎಲ್ಲ ಪಾರ್ಟಿಗೂ ಹೇಳ್ತೇನೆ. ಲಾಂಚ್ ದಿವಸ ಹೇಗೆ ಇರ್ತದೋ ಹಾಗೇ ಕೊಡಿ, ನಡುವೆ ಬದಲಾಯಿಸಿದ್ರೆ ಇನ್ನೂ ತಡ ಆಗ್ತದೆ ಅಂತ.”

ಲಾಂಚ್ ದಿವಸ ಹೇಗೆ ಇರುತ್ತದೋ ಹಾಗೆ!

ಲಾಂಚ್ ನಾಡಿದ್ದು. ಘಾಟಿ ಇವತ್ತು. ಗಾಡಿ ಬಿಡುವುದು ದೀಕ್ಷಿತ್. ಬೇರೆ ಯಾರೂ ಬೇಡ...

ನಾನು ಕುರ್ಚಿ ಹಿಡಿದು ನಿಂತೆ.

ಅಕ್ಕನ ನಂಬರಿಗೆ ಫೋನ್ ಮಾಡಿದೆವು. ಸ್ವಿಚ್ ಆಫ್. ಆಸ್ಪತ್ರೆಗೆ ಮಾಡಿದೆವು. ಪೇಷಂಟ್ ವಿಷಯ ಫೋನಿನಲ್ಲಿ ಹೇಳುವುದಿಲ್ಲ ಎಂದು ಇಟ್ಟರು.

“ಪೊಲೀಸಿಗೆ ಹೇಳುವ,” ಎಂದೆ.

“ಎಂತ ಹೇಳುವುದು? ಫೋಟೋಗೆ ಹಾರ ಹಾಕಿದ್ದಾರೆ, ಹಿಡೀರಿ ಅಂತಲಾ?”

ಅವಳು ಹೇಳಿದ್ದು ಸರಿ. ಮೊದಲು ನಗುತ್ತಾರೆ. ಆಮೇಲೆ ಜಯಪಾಲನಿಗೇ ಫೋನ್ ಮಾಡುತ್ತಾರೆ!

“ಲ್ಯಾಪ್‌ಟಾಪ್ ಹಿಡಿ. ಹೊರಡು.”

ಮೆಟ್ಟಿಲ ಕೆಳಗೆ ಬಿಳಿ ಕಾರು ನಿಂತಿತ್ತು. ಜಯಪಾಲ ನನ್ನನ್ನು ಕಳಿಸಿದ್ದ. ನನ್ನ ಹಿಂದೆ ಇವನನ್ನೂ ಕಳಿಸಿದ್ದ.

“ಯೋಗೀಶಣ್ಣ, ಉಪಕಾರ ಆಯ್ತು,” ದೀಕ್ಷಿತ್ ನಕ್ಕ. “ಹುಡುಗಿಯನ್ನು ನನ್ನ ಗಾಡಿಯಲ್ಲಿ ಕೂರಿಸಿ. ನೀವು ಮನೆಗೆ ಹೋಗಿ ಊಟ ಮಾಡಿ.”

ಅವನ ಎದೆಗೆ ಕೈ ಹಾಕಿ ದೂಡಿದೆ. ಹಿಂದಿನ ಚರಂಡಿಗೆ ಬಿದ್ದ. ನಾವು ನನ್ನ ಹಳೆಯ ಕಾರಿಗೆ ಹಾರಿದೆವು. ಹೈವೇ ಹಿಡಿದೆವು... ಕೂಳೂರಿನಲ್ಲಿ ಸಿಕ್ಕಿಬಿದ್ದೆವು.

ಹಾಗೆ ಬಂದದ್ದು ಆ ಸೇತುವೆಗೆ!

ದೀಕ್ಷಿತ್ ಈಗ ನಮ್ಮ ಹಿಂದಿನ ಗಾಡಿಯ ಪಕ್ಕದಲ್ಲಿದ್ದ. ಮೈಯೆಲ್ಲ ಚರಂಡಿಯ ಕೆಸರು. ಅವಸರವೇ ಇಲ್ಲ. ಒಂದೊಂದೇ ಗಾಡಿ ಸವರಿಕೊಂಡು ಬರುತ್ತಿದ್ದ. ಟವೆಲಿನ ತುದಿಯಲ್ಲಿ ಏನೋ ಹೊಳೆಯಿತು.

ಟ್ಯಾಂಕರಿನ ಮುಂದೆ ಒಂದು ಸಿಟಿ ಬಸ್ಸು. ಅದು ಇಷ್ಟಿಷ್ಟೇ ಸರಿಯುತ್ತಿತ್ತು.

“ಇಳಿ!”

“ಕಾರು?”

“ಕಾರಿಗೆ ಬೆಂಕಿ ಬೀಳಲಿ! ಇಳಿ!”

ಕೀ ಕಿತ್ತುಕೊಂಡು ಇಳಿದೆ. ಬಾಗಿಲಿಗೆ ಲಾಕ್ ಹಾಕಿದೆ. ನಡುರಸ್ತೆಯಲ್ಲಿ! ಹಿಂದಿನವರೆಲ್ಲ ನನ್ನ ಮೂರು ತಲೆಮಾರನ್ನು ಬೈದರು. ಬೈಯಲಿ. ಆ ಕಾರು ಸರಿಯದೆ ಬಿಳಿ ಕಾರು ಸರಿಯುವ ಹಾಗಿರಲಿಲ್ಲ!

ಓಡಿದೆವು. ಹಿಂದೆ ಕಾಲಿನ ಸದ್ದು. ಬನ್ನಿ ಬನ್ನಿ ಅಂತ ಕಂಡಕ್ಟರ್ ತುಳುವಿನಲ್ಲಿ ಕೂಗುತ್ತಿದ್ದ, “ಬಲೆ ಬಲೆ ಬಲೆ!” ನಿರೀಕ್ಷಾಳನ್ನು ಒಳಗೆ ದೂಡಿದೆ. ನಾನು ಮೆಟ್ಟಿಲಿಗೆ ಕಾಲಿಟ್ಟೆ. ಅಂಗಿಯ ಕಾಲರಿಗೆ ಒಂದು ಕೈ ಬಿತ್ತು!

ತಿರುಗಿ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ಹಿಮ್ಮಡಿಯಿಂದ ಹಿಂದಕ್ಕೆ ಒದ್ದೆ. ಕಾಲರ್ ಹರಿಯಿತು. ಕೈ ಬಿಟ್ಟಿತು. ರಸ್ತೆಯ ಮೇಲೆ ಕಬ್ಬಿಣ ಬಿದ್ದ ಸದ್ದು.

“ರೈಟ್ ಪೋಯಿ!”

ಬಸ್ಸು ಹಾರಿತು. ಈ ಊರಿನ ಬಸ್ಸಿನವರ ಸ್ಪೀಡಿಗೆ ನಾನು ಎಷ್ಟು ಸಲ ಬೈದಿದ್ದೇನೆ. ಆವತ್ತು ಮಾತ್ರ ಕಾಲಿಗೆ ಬೀಳಬೇಕು ಅನಿಸಿತು!

ನಿರೀಕ್ಷಾ ಆಗಲೇ ಪೊಲೀಸಿಗೆ ಫೋನ್ ಹಚ್ಚಿದ್ದಳು. ಈಗ ಹೇಳಲು ವಿಷಯ ಇತ್ತಲ್ಲ. “ಕೂಳೂರು ಸೇತುವೆ ಸರ್. ಬಿಳಿ ಕಾರು. ಕೈಯಲ್ಲಿ ಚೂರಿ ಉಂಟು.”

ನನ್ನ ಫೋನ್ ರಿಂಗಾಯಿತು. ಜಯಪಾಲ.

“ಯೋಗೀಶ, ನೀನು ನೋಡಿದ್ದಿ ಅಲ್ವಾ?” ತಣ್ಣಗಿನ ದನಿ. “ತೊಂದರೆ ಇಲ್ಲ. ಅಕ್ಕನನ್ನು ನಾನೇ ಕರ್ಕೊಂಡು ಹೋಗ್ತೇನೆ.”

ಕಟ್ ಮಾಡಿದ.

ಬಸ್ಸಿಳಿದು ರಿಕ್ಷಾ ಹಿಡಿದೆವು. ದಾರಿಯ ಪ್ರತಿ ಸಿಗ್ನಲ್ಲಿಗೂ ನಿರೀಕ್ಷಾ ಕಣ್ಣು ಮುಚ್ಚಿ ಏನೋ ಗೊಣಗುತ್ತಿದ್ದಳು. ಪ್ರಾರ್ಥನೆಯೋ, ಬೈಗುಳವೋ... ಗೊತ್ತಿಲ್ಲ.

ಫಳ್ನೀರ್. ಆಸ್ಪತ್ರೆಯ ಪೋರ್ಟಿಕೊ. ಕಪ್ಪು ಕಾರಿನ ಹಿಂದಿನ ಬಾಗಿಲು ತೆರೆದಿತ್ತು. ಲಿಫ್ಟಿನಿಂದ ವೀಲ್‌ಚೇರ್ ಹೊರಗೆ ಬಂತು. ಕೂತಿದ್ದವರು ಶಶಿಪ್ರಭಾ ಅಕ್ಕ. ಜಡೆಯಲ್ಲಿ ಒಂದು ಮೊಳ ಮಲ್ಲಿಗೆ. ಚೇರ್ ತಳ್ಳುತ್ತಿದ್ದದ್ದು ಜಯಪಾಲ. ಜೊತೆಗೆ ನರ್ಸ್ ಗ್ಲ್ಯಾಡಿಸ್, ಮದ್ದಿನ ಚೀಲ ಹಿಡಿದುಕೊಂಡು.

ನನ್ನನ್ನು ಕಂಡು ಜಯಪಾಲ ನಕ್ಕ. ಚೇರನ್ನು ಗ್ಲ್ಯಾಡಿಸ್ ಕೈಗೆ ಬಿಟ್ಟು, ಹತ್ತಿರ ಬಂದು ಹೆಗಲ ಮೇಲೆ ಕೈ ಇಟ್ಟ. ಕಿವಿಯಲ್ಲಿ ಹೇಳಿದ.

“ಹಗಲು ಹೊತ್ತು ನಿನ್ನ ಹೆಂಡತಿ ಮನೆಯಲ್ಲಿ ಒಬ್ಬಳೇ ಅಲ್ವಾ ಯೋಗೀಶ?”

ಬೇರೆ ದಿನವಾಗಿದ್ದರೆ ಅವನ ಹಲ್ಲು ನೆಲದ ಮೇಲೆ ಇರುತ್ತಿತ್ತು. ಆವತ್ತು ನನ್ನ ಮೊಣಕಾಲು ಸೋತಿತು. ನಿಲ್ಲಲಾಗಲಿಲ್ಲ. ಕುಸಿದು ಕೂತೆ. ಕೂತದ್ದು ವೀಲ್‌ಚೇರಿನ ಮುಂದೆಯೇ!

ಗಾಲಿ ನಿಂತಿತು. ಇನ್ನೊಂದು ಬ್ಲಾಕ್! ನಾನು ಎರಡೂ ಗಾಲಿ ಹಿಡಿದುಕೊಂಡೆ.

“ಏಳೋ ಮಾರಾಯ, ಯಾರು ನೀನು?” ಅಕ್ಕ ಕೇಳಿದರು. “ಆಪರೇಷನ್ ಆದದ್ದು ನನಗಾ, ನಿನಗಾ?”

“ಕುಡಿದಿದ್ದಾನೆ ಅಕ್ಕ. ಸೆಕ್ಯೂರಿಟೀ!”

ನಿರೀಕ್ಷಾ ಅಕ್ಕನ ಮಡಿಲಲ್ಲಿ ಲ್ಯಾಪ್‌ಟಾಪ್ ತೆರೆದಿಟ್ಟಳು.

“ಮ್ಯಾಡಂ, ನಿಮ್ಮ ಯಾವ ಫೋಟೋ ಹಾಕಿದ್ದು ಅಂತ ಕೇಳಿದ್ರಲ್ಲ... ಇದು.”

ಅಕ್ಕ ಕನ್ನಡಕ ಸರಿ ಮಾಡಿಕೊಂಡು ನೋಡಿದರು.

“ಅದು ಇವಳ ಮಿಸ್ಟೇಕ್ ಅಕ್ಕ. ಡಿಸೈನ್ ಮಿಸ್ಟೇಕ್. ನೀವು ಗಾಡಿ ಹತ್ತಿ.”

ನಿರೀಕ್ಷಾ ಫೋನಿನ ಹಳೆಯ ವಾಯ್ಸ್ ಮೆಸೇಜ್ ಒತ್ತಿದಳು. ಜಯಪಾಲನದೇ ದನಿ, ಪೋರ್ಟಿಕೊ ತುಂಬ...

“ಅಕ್ಕನ ಫೋಟೋಗೆ ಹಾರ ಈಗಲೇ ಹಾಕಿ ಇಡು ನಿರೀಕ್ಷಾ. ಲಾಂಚ್ ದಿವಸಕ್ಕೆ ಸರಿ ಆಗ್ತದೆ. ಪುನಃ ಬದಲಾಯಿಸುವ ರಗಳೆ ಬೇಡ.”

ಗ್ಲ್ಯಾಡಿಸ್ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು.

ಅಕ್ಕನ ಕೈ ನಿಧಾನಕ್ಕೆ ಕೆಳಗೆ ಹೋಯಿತು. ವೀಲ್‌ಚೇರಿನ ಬ್ರೇಕ್ ಎಳೆಯಿತು. ಒಂದು ಕಡೆ. ಇನ್ನೊಂದು ಕಡೆ.

“ಗಂಧದ ಹಾರ ನನಗೆ ಸೇರುವುದಿಲ್ಲ ಅಂತ ನಿನಗೆ ಗೊತ್ತಿಲ್ವಾ ಜಯಪಾಲ?” ಅಕ್ಕ ಜಡೆಯ ಮಲ್ಲಿಗೆ ಮುಟ್ಟಿಕೊಂಡರು. “ಮಲ್ಲಿಗೆ ಹಾಕಿಸ್ಲಿಕ್ಕೆ ಆಗ್ಲಿಲ್ವಾ?”

“ಅಕ್ಕಾ...”

“ಸಿಸ್ಟರ್, ನನಗೆ ಡಿಸ್ಚಾರ್ಜ್ ಬೇಡ. ಮೇಲೆ ಕರ್ಕೊಂಡು ಹೋಗಿ.”

ಜಯಪಾಲ ಕಾರಿನ ಕಡೆ ತಿರುಗಿದ. ಅಷ್ಟರಲ್ಲಿ ನನಗೆ ಕಾಲು ಬಂತು. ಕಾಲಿನ ಜೊತೆಗೆ ಸಿಟ್ಟೂ ಬಂತು! ಮುಂದಿನದನ್ನು ಹೇಳುವುದಿಲ್ಲ. ಆಸ್ಪತ್ರೆಯ ಎದುರೇ ಆದ ಕಾರಣ ಅವನಿಗೆ ಬೇಗ ಚಿಕಿತ್ಸೆ ಸಿಕ್ಕಿತು, ಆಮೇಲೆ ಪೊಲೀಸರೂ ಸಿಕ್ಕಿದರು.

ದೀಕ್ಷಿತ್‌ನನ್ನು ಸೇತುವೆಯ ಮೇಲೆಯೇ ಹಿಡಿದಿದ್ದರು. ರಸ್ತೆಯಿಂದ ಎತ್ತಿ ಅಡಗಿಸಿದ್ದ ಚೂರಿ ಅವನ ಕಾರಿನ ಸೀಟಿನ ಕೆಳಗೆ ಸಿಕ್ಕಿತು. ಪೆಟ್ಟು ಬೀಳುವ ಮೊದಲೇ ಎಲ್ಲ ಹೇಳಿಬಿಟ್ಟನಂತೆ. ಘಾಟಿಯ ಯಾವ ತಿರುವು, ಬಾಗಿಲು ಹೇಗೆ ತೆರೆಯುವುದು... ಎಲ್ಲ.

ಮುಹೂರ್ತದ ದಿನ ಲಾಂಚ್ ಆಗಲಿಲ್ಲ. ಅಕ್ಕ ಆಸ್ಪತ್ರೆಗೆ ನಮ್ಮಿಬ್ಬರನ್ನೂ ಕರೆಸಿದರು. ನಿರೀಕ್ಷಾ ಹೆದರುತ್ತಲೇ ಹೇಳಿದಳು.

“ಮ್ಯಾಡಂ, ಆ ಪೇಜ್ ಪೂರ್ತಿ ಬದಲಾಗ್ಬೇಕು. ಇನ್ನೂ ಮೂರು ವಾರ ಬೇಕಾಗ್ತದೆ.”

“ಮೂರು ತಿಂಗಳು ತಗೋ ಮಗಾ. ನಾನು ಎಲ್ಲಿಗೂ ಹೋಗುವುದಿಲ್ಲ.” ಆಮೇಲೆ ನನ್ನ ಕಡೆ ಬೆರಳು ತೋರಿಸಿದರು. “ಇವನ ಫೋಟೋನೂ ಹಾಕು. ಸೆಕ್ಯೂರಿಟಿ ಮ್ಯಾನೇಜರ್ ಅಂತ.”

ನಿರೀಕ್ಷಾ ಅಲ್ಲೇ ಫೋನೆತ್ತಿ ನನ್ನ ಫೋಟೋ ಹೊಡೆದಳು.

ಹಾಕಲಿ. ಬೇಡ ಅನ್ನಲಿಲ್ಲ. ಆದರೆ ದಿನಾ ಬೆಳಿಗ್ಗೆ ಎದ್ದ ಕೂಡಲೇ ಅವಳಿಗೆ ಫೋನ್ ಮಾಡಿ ಕೇಳುತ್ತೇನೆ... ಫೋಟೋದಲ್ಲಿ ನನ್ನ ಕುತ್ತಿಗೆ ಖಾಲಿ ಉಂಟಲ್ಲ?