ಬೆವರದ ಬಂದೂಕು

ಮುಂಜಾನೆಯ ನಮಸ್ಕಾರಕ್ಕೆ ಇಡೀ ಸೈನಿಕ ಶಾಲೆ ಮೈದಾನದಲ್ಲಿ, ಜಪಾನಿನ ಅರಮನೆಯಿದ್ದ ಪೂರ್ವಕ್ಕೆ ತಲೆಬಾಗಿ ನಿಂತಿದ್ದಾಗ ಗುಂಡಿನ ಸದ್ದು ಕೇಳಿತು. ವಿದ್ಯಾರ್ಥಿಗಳ ಕೊಠಡಿಗೆ ಅಂಟಿಕೊಂಡಿದ್ದ ಲಾಯದ ಹಿಂದೆ ಕ್ಯಾಪ್ಟನ್ ನಿಷಿವಾಕಿ ಸತ್ತುಬಿದ್ದಿದ್ದರು. ಗುಂಡು ಎದೆ ಹಾಯ್ದು ಹಿಮದಲ್ಲೆಲ್ಲೋ ಹೂತುಹೋಗಿತ್ತು.

ಹೆಸರಿಗೆ ಅದು ಚೀನಾದ ಈಶಾನ್ಯದಲ್ಲಿ ಜಪಾನ್ ಕಟ್ಟಿದ್ದ ಮಂಚುಕುವೊ ರಾಜ್ಯದ ಚಕ್ರವರ್ತಿಯ ಸೈನ್ಯ; ನಡೆಯುತ್ತಿದ್ದುದು ಜಪಾನಿ ಅಧಿಕಾರಿಗಳ ಮಾತು. ಜ್ವರವೆಂದು ಕೊಠಡಿಯಲ್ಲೇ ಉಳಿದಿದ್ದ ಚೀನೀ ವಿದ್ಯಾರ್ಥಿ ಗೆಂಗ್ ಯೂಶಾನ್‌ನನ್ನು ಕಟ್ಟಿಹಾಕಿದರು. ಸಂಜೆಯೊಳಗೆ ಗುಂಡಿಕ್ಕಬೇಕೆಂದು ಕರ್ನಲ್ ಹೇಳಿಯಾಗಿತ್ತು.

ದಾದಿ ಶೂಲಾನ್ ಕುದುರೆ ವೈದ್ಯ ತೊಂಗ್ ಬಳಿಗೆ ಓಡಿದಳು. ಶಾಲೆಯಲ್ಲಿ ಏನೇ ಗಂಟು ಬಿದ್ದರೂ ಬಿಡಿಸುತ್ತಿದ್ದವನು ಆ ಮುದುಕನೇ.

"ಗೆಂಗ್‌ನ ಮೈ ಕೆಂಡದ ಹಾಗಿತ್ತು ಡಾಕ್ಟ್ರೇ. ನಾನು ಹೇಳಿದ್ರೆ ಯಾರು ಕೇಳ್ತಾರೆ?"

"ನನ್ ಮಾತು ಕುದುರೆಗಳಾದ್ರೂ ಕೇಳ್ತವೆ. ನೀನು ಕಂಡದ್ದು ಹೇಳು ಮಗಳೇ."

"ಸದ್ದು ಕೇಳಿದ ಕೂಡ್ಲೇ ಅವನ ಹತ್ರ ಓಡ್ದೆ. ಲೆಫ್ಟಿನೆಂಟ್ ಅರಿಮುರ ಆಗ್ಲೇ ಅವನ ಬಂದೂಕು ಹಿಡ್ಕೊಂಡು ನಿಂತಿದ್ರು. 'ನಳಿಗೆ ಒಳಗೆ ಮದ್ದಿನ ಮಸಿ ನೋಡು' ಅಂತ ನನ್ ಕೈಗೇ ಕೊಟ್ರು."

"ಒದ್ದೆ ಇತ್ತಾ?"

"ಇಲ್ಲ. ಬೆಚ್ಚಗೆ, ಒಣಗಿತ್ತು."

ಮುದುಕ ಎದ್ದು ಕರ್ನಲ್ ಬಳಿಗೆ ಹೊರಟ.

ಮಧ್ಯಾಹ್ನ ಎಲ್ಲರೂ ವಿದ್ಯಾರ್ಥಿಗಳ ಕೊಠಡಿಯ ಒಲೆಯ ಸುತ್ತ ಸೇರಿದರು. ಅರಿಮುರ ಹಿಮ ಕಾಣದ ದಕ್ಷಿಣ ದ್ವೀಪದಿಂದ ಬಂದು ಮೂರೇ ವಾರವಾಗಿತ್ತು.

"ಇವತ್ತು ಒಳಗಿನ ಪಾಳಿ ನಂದು, ಬೆಳಗ್ಗೆಯಿಂದ ನಾನು ಹೊರಗೆ ಕಾಲಿಟ್ಟಿಲ್ಲ," ಎಂದ ಅವನು. " ಕೊಂದು ಬಂದು ಮಲಗಿದ್ದು ಇವ್ನು. ಕುದುರೆ ನೋಡೋನಿಗೆ ಇಲ್ಲೇನು ಕೆಲಸ?"

ತೊಂಗ್ ಗೆಂಗ್‌ನ ಕಡೆ ತಿರುಗಿದ. "ಮಸಿ ಹೇಗೆ ಬಂತಪ್ಪ?"

"ಗೊತ್ತಿಲ್ಲ. ನಿನ್ನೆ ಗುಂಡು ಹಾರಿಸೋ ಅಭ್ಯಾಸ ಮುಗಿಸಿ ಒರೆಸಿಟ್ಟಿದ್ದೆ."

"ಜೀವ ಹೋಗ್ತಿದೆ. ನಿಜ ಹೇಳು."

ಗೆಂಗ್ ತಲೆ ತಗ್ಗಿಸಿದ. "ಒರೆಸ್ಲಿಲ್ಲ. ಜ್ವರ ಬಂದಿತ್ತು."

ಕೊಠಡಿ ಗುಜುಗುಜು ಎಂದಿತು. ಅಲ್ಲಿ ಬಂದೂಕೆಂದರೆ ಚಕ್ರವರ್ತಿ ಕೊಟ್ಟ ಪವಿತ್ರ ವಸ್ತು; ಅದನ್ನು ಕೊಳಕು ಬಿಟ್ಟ ಅವಮಾನಕ್ಕೆ ಅಂಜಿ ಅವನು ಕೊಲೆಯ ಆರೋಪವನ್ನೇ ತಲೆಗೆ ಕಟ್ಟಿಕೊಂಡಿದ್ದ.

ತೊಂಗ್ ಹೇಳಿದಂತೆ ಶೂಲಾನ್ ಹೊರಗಿನ ಕಾವಲುಗಾರನ ಬಂದೂಕನ್ನು ತಂದು ಒಲೆಯ ಬಳಿ ಇಟ್ಟಳು. ನೋಡುತ್ತಿದ್ದಂತೆ ಕಬ್ಬಿಣದ ಮೇಲೆ ಬಿಳಿ ಇಬ್ಬನಿ ಕಟ್ಟಿತು. ಆಮೇಲೆ ಹನಿಹನಿಯಾಗಿ ನೀರಿಳಿಯಿತು.

"ಈ ಚಳೀಲಿ ಹೊರಗಿಂದ ಬಂದ ಕಬ್ಬಿಣ ಬೆವರ್ದೇ ಇರಲ್ಲ," ಎಂದ ತೊಂಗ್. "ಗೆಂಗ್‌ನ ಬಂದೂಕು ಬೆವರ್ಲಿಲ್ಲ. ಅದು ಹೊರಗೆ ಹೋಗೇ ಇಲ್ಲ. ಕರ್ನಲ್ ಸಾಹೇಬ್ರೇ, ನಿನ್ನೆ ಸಂಜೆ ಅಧಿಕಾರಿಗಳ ಪಿಸ್ತೂಲೆಲ್ಲ ತಾವೇ ನೋಡಿದ್ರಿ. ಅರಿಮುರ ಅವರದ್ದು ಹೇಗಿತ್ತು?"

"ಕನ್ನಡಿ ಹಾಗಿತ್ತು."

"ಈಗ ನೋಡಿ."

ಕರ್ನಲ್ ಅರಿಮುರನ ಸೊಂಟದಿಂದ ಪಿಸ್ತೂಲು ಎಳೆದರು. ಚರ್ಮದ ಚೀಲದ ಒಳಗೆಲ್ಲ ತೇವ. ಪಿಸ್ತೂಲಿನ ಮೇಲೆ ಕೆಂಪು ತುಕ್ಕಿನ ಚುಕ್ಕೆಗಳು.

ತೊಂಗ್ ಅರಿಮುರನ ಕಡೆ ತಿರುಗಿದ. "ಎಲ್ರೂ ತಲೆಬಾಗಿದ್ದಾಗ ಲಾಯದ ಹಿಂದೆ ಕೊಂದು ಹಿಂಬಾಗಿಲಿಂದ ಒಳಗೆ ಬಂದ್ರಿ. ಇವನ ಮಸಿ ಹಿಡಿದ ಬಂದೂಕು ಕಣ್ಣಿಗೆ ಬಿತ್ತು. ಹೊರಗಿಂದ ಬಂದ ಕೂಡ್ಲೇ ಪಿಸ್ತೂಲು ಒರೆಸ್ಬೇಕು ಅನ್ನೋದು ನಮ್ಮೂರಿನ ಮಕ್ಕಳಿಗೂ ಗೊತ್ತು, ನಿಮಗೆ ಗೊತ್ತಿರ್ಲಿಲ್ಲ."

"ನಿನ್ನೆ ಆ ನಿಷಿವಾಕಿ ಎಲ್ಲರೆದುರು ನನ್ ಕೆನ್ನೆಗೆ ಹೊಡೆದ," ಎಂದ ಅರಿಮುರ. ಅವನನ್ನು ಕರೆದೊಯ್ದರು.

ಗೆಂಗ್‌ನ ಹಗ್ಗ ಬಿಚ್ಚಿದರು. ಶೂಲಾನ್ ತೋಳು ಹಿಡಿಯಲು ಕೈಚಾಚಿದಾಗ ಕರ್ನಲ್ ಅವಳನ್ನು ತಡೆದರು.

"ಮೊದ್ಲು ಬಂದೂಕಿನ ಕ್ಷಮೆ ಕೇಳು."

ಗೆಂಗ್ ತೂರಾಡುತ್ತ ಹೋಗಿ, ತನ್ನನ್ನು ಉಳಿಸಿದ ಆ ಒಣ ಬಂದೂಕಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದ. ಹಣೆಯಿಂದ ಬೆವರ ಹನಿಯೊಂದು ಕಬ್ಬಿಣದ ಮೇಲೆ ಬಿತ್ತು. ಜ್ವರ ಬಿಡುತ್ತಿದೆ ಎಂದುಕೊಂಡಳು ಶೂಲಾನ್.