ಬಿದಿರು ಗೇಟಿನ ಬಿಳಿ ದೆವ್ವ

"ಅಮ್ಮಾ...!"

ಕೂಗು ಬಾಯಿಂದ ಹೊರಡುವ ಮುಂಚೆಯೇ ಕಿನಾಂತಿಯ ಕೈ ಹೊರಟಿತ್ತು. ಕೈಯಲ್ಲಿದ್ದ ಅರಿಶಿನ-ಹುಣಸೆ ಕಷಾಯದ ಬಾಟಲಿ ಸೀದಾ ಹೋಗಿ ದೆವ್ವದ ಎದೆಗೆ ಬಡಿಯಿತು.

"ಅಯ್ಯಯ್ಯೋ!" ಎಂದಿತು ದೆವ್ವ.

ಸಂಜೆಯ ಪ್ರಾರ್ಥನೆ ಆಗಷ್ಟೇ ಮುಗಿದಿತ್ತು. ಊರ ಬಾಯಲ್ಲಿ ಅಡ್ಡ ಕಟ್ಟಿದ ಬಿದಿರು ಗೇಟಿನ ಪಕ್ಕ, ಕಲ್ಲುಬೆಂಚಿನ ಮೇಲೆ, ತಲೆಯಿಂದ ಕಾಲತನಕ ಬಿಳಿ ಬಟ್ಟೆ ಸುತ್ತಿ, ನೆತ್ತಿಯ ಮೇಲೆ ಗಂಟು ಕಟ್ಟಿಕೊಂಡು ಕೂತಿತ್ತು ಪೊಚೊಂಗ್, ಹೆಣದ ದೆವ್ವ. ಹೂಳುವ ಹೆಣಕ್ಕೆ ಬಟ್ಟೆ ಸುತ್ತಿದ ಹಾಗೇ! ಈಗ ಆ ಬಿಳಿ ಬಟ್ಟೆಯ ಮೇಲೆಲ್ಲ ಅರಿಶಿನ ಇಳಿಯುತ್ತಿತ್ತು.

"ಏ... ನಾನು ಕಣೇ! ಸೆನೊ! ಗಾಡಿ ರಿಪೇರಿ ಸೆನೊ!"

"ಸೆನೊನಾ?" ಕಿನಾಂತಿ ಬಗ್ಗಿ ನೋಡಿದಳು. "ನಿಮಗೇನು ತಲೆ ಕೆಟ್ಟಿದೆಯೇನ್ರೀ? ನನ್ನ ಪ್ರಾಣ ಹೋಗಿದ್ರೆ?"

"ಕಾಯಿಲೆ ಬಂದು ಹೋಗೋದಕ್ಕಿಂತ ವಾಸಿ ಅಲ್ವಾ? ಯುವಕ ಸಂಘದ ತೀರ್ಮಾನ. ದೆವ್ವ ಕೂತ್ರೆ ಜನ ಕತ್ತಲಾದ್ಮೇಲೆ ಹೊರಗೆ ಬರಲ್ಲ ಅಂತ."

ಅಷ್ಟು ಹೊತ್ತಿಗೆ ಕಾಲಿಜೆರುಕ್ ಊರಿನ ಅರ್ಧ ಜನ ಅಲ್ಲಿದ್ದರು! ಕೆಲವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರು. ಒಬ್ಬ ಕಡಲೆಕಾಯಿ ಮಾರುವವನೂ ಬಂದುಬಿಟ್ಟಿದ್ದ. ದೆವ್ವಕ್ಕೆ ಕಷಾಯದ ಅಭಿಷೇಕ ಆದದ್ದು ನೋಡಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬರ ಮೈಗೆ ಒಬ್ಬರು ಅಂಟಿಕೊಂಡೇ ನಕ್ಕರು, ಅದೇ ದುಃಖದ ವಿಷಯ.

"ನೋಡು," ಎಂದ ಸೆನೊ ಸೋತ ದನಿಯಲ್ಲಿ. "ಜನ ಮನೇಲಿರಲಿ ಅಂತ ದೆವ್ವ ಆದ್ರೆ, ದೆವ್ವ ನೋಡೋಕಂತ್ಲೇ ಮನೆ ಬಿಟ್ಟು ಬರ್ತಾರೆ."

ಕಿನಾಂತಿಗೂ ನಗು ತಡೆಯಲಾಗಲಿಲ್ಲ. "ಹೆದರಿಸಿದ್ರೆ ನೋಡೋಕೆ ಬರ್ತಾರೆ ಕಣ್ರೀ. ಒಬ್ಬೊಬ್ಬರಿಗೇ ಹೇಳಿದ್ರೆ ಕೇಳ್ತಾರೆ. ನಾನು ಹೇಗೂ ದಿನಾ ಮನೆಮನೆಗೆ ಹೋಗ್ತೀನಲ್ಲ, ನಾನು ಹೇಳ್ತೀನಿ ಬಿಡಿ."

ಹೇಳಿದಳು ಕೂಡ. ಬೆನ್ನಿಗೆ ಕಷಾಯದ ಬುಟ್ಟಿ ಕಟ್ಟಿಕೊಂಡು ಓಣಿ ಓಣಿ ಸುತ್ತಿ ಮಾರುವವಳಿಗೆ ಬಾಯಿ ಕಡಿಮೆಯೇ? "ಅಜ್ಜಿ, ಮೂಗು ಹೊರಗಿದೆ, ಮಾಸ್ಕ್ ಒಳಗೆ ಹಾಕ್ಕೊಳ್ಳಿ. ಮೂಗೇನು ತೋರಿಸೋಕೆ ಇಟ್ಕೊಂಡಿದ್ದೀರಾ?" "ಮಾವ, ಮಸೀದಿ ಅಂಗಳದಲ್ಲಿ ಕೈ ಕುಲುಕಬೇಡಿ, ಎದೆ ಮೇಲೆ ಕೈ ಇಟ್ರೆ ಸಾಕು." ಬೈಸಿಕೊಂಡವರೆಲ್ಲ ನಗುತ್ತಲೇ ಮಾಸ್ಕ್ ಏರಿಸಿಕೊಳ್ಳುತ್ತಿದ್ದರು. ಸಂಜೆ ಗೇಟಿನ ಬಳಿ ಸೆನೊಗೆ ದಿನದ ವರದಿ ಒಪ್ಪಿಸುವಳು. ಇಬ್ಬರ ನಡುವೆ ಬಿದಿರು, ಇಬ್ಬರ ಮುಖಕ್ಕೂ ಬಟ್ಟೆ... ಕಣ್ಣಿಗೆ ಮಾತ್ರ ಯಾರು ಅಡ್ಡ ಕಟ್ಟುತ್ತಾರೆ?

'ಇವರ ಬಾಯಿ ನೋಡಿ ಎಷ್ಟು ದಿನವಾಯಿತು!' ಅಂದುಕೊಳ್ಳುವಳು ಕಿನಾಂತಿ. ಆಮೇಲೆ ತಾನೇ ನಾಚಿಕೊಳ್ಳುವಳು.

ಒಂದು ಸಂಜೆ ಅವನು ಹೇಳಿಯೇಬಿಟ್ಟ. "ಇದೆಲ್ಲ ಮುಗೀಲಿ ಕಿನಾಂತಿ. ಅಮ್ಮನ್ನ ನಿಮ್ಮ ಮನೆಗೆ ಕಳಿಸ್ತೀನಿ."

ಅವಳು ಮನೆಗೆ ಓಡಿಬಂದಳು. ಆ ರಾತ್ರಿ ದಿಂಬನ್ನು ತಬ್ಬಿಕೊಂಡೇ ಮಲಗಿದಳು.

ಉಪವಾಸದ ತಿಂಗಳು ಮುಗಿಯುತ್ತಾ ಬಂತು. ಲೆಬಾರಾನ್ ಹಬ್ಬಕ್ಕೆ ಎರಡೇ ದಿನ ಇರುವಾಗ ಜಕಾರ್ತದಿಂದ ಅಪ್ಪನ ಫೋನು. ತರ್ನೊ ಅಲ್ಲಿ ತಳ್ಳುಗಾಡಿಯಲ್ಲಿ ಮಾಂಸದ ಉಂಡೆಯ ಸಾರು ಮಾರುತ್ತಿದ್ದವನು. ಬೀದಿಗಳೆಲ್ಲ ಮುಚ್ಚಿ, ಗಾಡಿ ನಿಂತುಹೋಗಿತ್ತು. ತರಕಾರಿ ಲಾರಿಯೊಂದರಲ್ಲಿ ಹತ್ತಿ ಹೊರಟಿದ್ದ.

"ಊರಿಗೆ ಬಂದವರು ಎರಡು ವಾರ ಶಾಲೇಲಿ ಇರಬೇಕು ಅಪ್ಪ," ಎಂದಳು ಕಿನಾಂತಿ.

"ಹುಟ್ಟಿದ ಊರಲ್ಲಿ ಕಳ್ಳನ ಹಾಗೆ ಕೂರಬೇಕಾ ನಾನು?" ತರ್ನೊನ ದನಿ ಒಡೆಯಿತು. "ನಿಮ್ಮಮ್ಮ ಹೋದ್ಮೇಲೆ ಒಂದು ಹಬ್ಬನೂ ತಪ್ಪಿಸಿಲ್ಲ ಮಗಾ. ನೀನು ನನ್ನ ಮೊಣಕಾಲಿಗೆ ಹಣೆ ಇಟ್ಟು ಕ್ಷಮೆ ಕೇಳದೆ, ನಾನು ನಿನ್ನ ತಲೆ ಸವರದೆ... ಅದು ಹಬ್ಬವೇನೇ?"

ಅವಳು ಸೋತಳು. ಊರಿಗೆಲ್ಲ ಬುದ್ಧಿ ಹೇಳುವವಳು ಅಪ್ಪನ ಒಂದು ಮಾತಿಗೆ ಸೋತಳು. ಕಾಯಿಲೆ ತರುವವರು ಬೇರೆಯವರು, ನಮ್ಮವರು ಹೇಗೆ ತರುತ್ತಾರೆ? ಎಲ್ಲರಿಗೂ ಹಾಗೇ ಅನ್ನಿಸುತ್ತದಲ್ಲ!

ಅವತ್ತು ಸಂಜೆ ಗೇಟಿನ ಬಳಿ ನಿಂತು ನೆಲ ನೋಡುತ್ತಾ ಕೇಳಿದಳು. "ಕಬ್ಬಿನ ಗದ್ದೆ ಹಿಂದೆ ಕಾಲುದಾರಿ ಇದೆಯಲ್ಲ... ನಾಳೆ ನಸುಕಿಗೆ ಅಪ್ಪ ಬರ್ತಾರೆ, ನೀವು ಆ ಕಡೆ ನೋಡದಿದ್ರೆ ಸಾಕು."

ಸೆನೊ ಕಬ್ಬಿನ ಗದ್ದೆಯ ಕಡೆ ನೋಡಿದ. "ಕೆಮ್ಮು ಗಿಮ್ಮು ಇದೆಯಾ?"

"ಇಲ್ವಂತೆ."

"ಮನೆಯೊಳಗೇ ಇರಲಿ. ಹೊರಗೆ ಕಾಣಿಸ್ಕೋಬಾರದು."

ಬೆಳಗಿನ ಜಾವ ತರ್ನೊ ಕಬ್ಬಿನ ಗದ್ದೆ ಹಾದು ಬಂದಾಗ, ಸೆನೊ ಬೆನ್ನು ತಿರುಗಿಸಿ ನಿಂತಿದ್ದ.

ಹಬ್ಬದ ದಿನ. ಕಿನಾಂತಿ ಅಪ್ಪನ ಮೊಣಕಾಲಿಗೆ ಹಣೆ ಇಟ್ಟಳು, ಅಪ್ಪ ಅತ್ತ, ಅವಳೂ ಅತ್ತಳು. ತೆಂಗಿನ ಗರಿಯ ಪೊಟ್ಟಣದಲ್ಲಿ ಬೇಯಿಸಿದ ಅನ್ನ, ತೆಂಗಿನಹಾಲಿನ ಕೋಳಿಸಾರು. ಬಾಗಿಲು ಹಾಕಿಕೊಂಡು ಇಬ್ಬರೇ ಉಂಡರು.

ಮಧ್ಯಾಹ್ನ ಹಿತ್ತಲ ಬಾಗಿಲು ಸದ್ದಾಯಿತು.

"ಅಸ್ಸಲಾಮು ಅಲೈಕುಂ..."

ಬು ಲಾಸ್ಮಿ! ಸೆನೊನ ತಾಯಿ, ಊರಿಗೆಲ್ಲ 'ಬು', ಅಂದರೆ ಅಮ್ಮ! ಹೊಸ ಕುಪ್ಪಸ ತೊಟ್ಟು, ಕೈಯಲ್ಲಿ ಬಾಳೆಎಲೆ ಮುಚ್ಚಿದ ತಟ್ಟೆ ಹಿಡಿದುಕೊಂಡು ನಗುತ್ತಾ ನಿಂತಿದ್ದರು. ಅಪ್ಪ ಬಂದ ಸುದ್ದಿ ಇವರಿಗೆ ಹೇಗೆ ಮುಟ್ಟಿತು? ಕೇಳುವ ಧೈರ್ಯ ಕಿನಾಂತಿಗೆ ಬರಲಿಲ್ಲ. ಅವರು ಯಾಕೆ ಬಂದಿದ್ದಾರೆಂದು ಮಾತ್ರ ಅವಳ ಎದೆಗೆ ಗೊತ್ತಾಗಿತ್ತು.

"ತರ್ನೊ, ನೀನು ಮತ್ತೆ ಜಕಾರ್ತಕ್ಕೆ ಹೋಗೋ ಮುಂಚೆ ಒಂದು ಮಾತು ಆಡಿ ಮುಗಿಸೋಣ ಅಂತ ಬಂದೆ," ಎನ್ನುತ್ತಾ ಅವರು ಚಾಪೆಯ ಮೇಲೆ ಕೂತರು. ಕೂತವರು ಕಿವಿಗೆ ಕೈ ಹಾಕಿ ಮಾಸ್ಕ್ ತೆಗೆದರು. ಮಡಚಿ ಮಡಿಲಲ್ಲಿಟ್ಟುಕೊಂಡರು.

"ಹೆಣ್ಣು ಕೇಳೋಕೆ ಬಂದವಳು ಮುಖ ಮುಚ್ಕೊಂಡು ಕೂತ್ರೆ ಚೆನ್ನಾಗಿರುತ್ತಾ!"

ಮರ್ಯಾದೆಗೆ ತರ್ನೊನೂ ತನ್ನದನ್ನು ತೆಗೆದ.

ಚಹಾದ ತಟ್ಟೆ ಹಿಡಿದು ನಿಂತಿದ್ದ ಕಿನಾಂತಿಯ ನಾಲಗೆಯ ತುದಿಗೆ ಮಾತು ಬಂದಿತ್ತು. 'ಬು, ಹಾಕ್ಕೊಳ್ಳಿ.' ಇಷ್ಟೇ. ಊರಲ್ಲಿ ಅದೆಷ್ಟು ಜನಕ್ಕೆ ಹೇಳಿದ್ದಳು! ಆದರೆ ಇವರು ನಾಳೆಯ ಅತ್ತೆ. ಇವರಿಗೆ ಹೇಳಿದರೆ ಏನಂದುಕೊಂಡಾರು? ಬಾಯಿಬಡುಕಿ ಅಂದುಕೊಂಡಾರಾ? ನನ್ನನ್ನು ಕಂಡರೆ ಹೇಸುತ್ತಾಳೆ ಅಂದುಕೊಂಡಾರಾ? ನಮ್ಮ ಜಾವಾದಲ್ಲಿ ಇದಕ್ಕೆ ಸುಂಕಾನ್ ಅನ್ನುತ್ತಾರೆ. ಸಂಕೋಚ, ಮರ್ಯಾದೆ, ಹೆದರಿಕೆ, ಮೂರೂ ಸೇರಿ ಗಂಟಲು ಹಿಡಿದುಕೊಳ್ಳುವುದು. ಅವಳು ತಲೆ ತಗ್ಗಿಸಿ ಚಹಾ ಇಟ್ಟು ಒಳಗೆ ಹೋದಳು.

ಹೊರಗೆ ಹಿರಿಯರು ನಗುತ್ತಾ ಮಾತು ಮುಗಿಸಿದರು. ಹೋಗುವಾಗ ಬು ಲಾಸ್ಮಿ ಅವಳ ಕೆನ್ನೆ ಮುಟ್ಟಿ, "ನನ್ನ ಸೊಸೆ," ಎಂದರು.

ಆಮೇಲಿನದನ್ನು ಹೇಗೆ ಹೇಳುವುದು...

ಮೊದಲು ತರ್ನೊಗೆ ಜ್ವರ ಬಂತು. ಹಿಂದೆಯೇ ಬು ಲಾಸ್ಮಿಗೆ. ತರ್ನೊ ಹೇಗೋ ಎದ್ದು ಕೂತ. ಬು ಲಾಸ್ಮಿಯನ್ನು ಮೈತುಂಬ ಪ್ಲಾಸ್ಟಿಕ್ ತೊಟ್ಟವರು ಬಂದು ಆಂಬುಲೆನ್ಸ್‌ನಲ್ಲಿ ಕರೆದುಕೊಂಡು ಹೋದರು. ಅವರು ತಿರುಗಿ ಬಂದದ್ದು ಮೊಳೆ ಹೊಡೆದ ಪೆಟ್ಟಿಗೆಯಲ್ಲಿ. ಹೆತ್ತ ಮಗ ಮೈ ತೊಳೆಯುವ ಹಾಗಿರಲಿಲ್ಲ, ಮುಖ ನೋಡುವ ಹಾಗಿರಲಿಲ್ಲ. ದಫನಿನ ಹೊತ್ತಲ್ಲಿ ಸೆನೊ ಸ್ಮಶಾನದ ಬೇಲಿಯಾಚೆ ಒಬ್ಬನೇ ನಿಂತಿದ್ದ. ಪ್ರಾರ್ಥನೆಗೆ ನೆರೆಹೊರೆಯವರು ಒಬ್ಬರೂ ಅವನ ಮನೆಗೆ ಕಾಲಿಡಲಿಲ್ಲ.

ನಾಲಗೆಗಳು ಮಾತ್ರ ಎಲ್ಲ ಕಡೆ ಓಡಾಡಿದವು. "ಕಾವಲಿದ್ದ ದೆವ್ವವೇ ದಾರಿ ಬಿಟ್ಟಿತಂತೆ!" "ನಮಗೆಲ್ಲ ಗೇಟು, ಅವನ ಹುಡುಗಿಗೆ ಕಾಲುದಾರಿ!"

ಸೆನೊ ಸಂಘದವರ ಮುಂದೆ ಒಂದೇ ಮಾತು ಹೇಳಿದನಂತೆ. "ಬಿಟ್ಟವನು ನಾನು. ಬಿಡು ಅಂತ ಯಾರೂ ಕೇಳಿರಲಿಲ್ಲ."

ಆ ಮಾತು ಕಿವಿಗೆ ಬಿದ್ದ ದಿನ ಕಿನಾಂತಿ ಅನ್ನ ಮುಟ್ಟಲಿಲ್ಲ.

ಅವಳಿಗೂ ತರ್ನೊಗೂ ಮನೆಯೊಳಗೇ ಇರಬೇಕಾದ ದಿನಗಳು ಮುಗಿದ ಮೇಲೆ, ಬಿಸಿ ಶುಂಠಿ ಕಷಾಯ ಒಂದು ಬಾಟಲಿಗೆ ತುಂಬಿಕೊಂಡು ಸೆನೊನ ಮನೆಗೆ ಹೋದಳು. ಅವನು ಇನ್ನೂ ಬಾಗಿಲು ಹಾಕಿಕೊಂಡೇ ಇದ್ದ. ಜಗುಲಿಯ ಮೇಲೆ ಬಾಟಲಿ ಇಟ್ಟಳು.

"ಸೆನೊ... ಕುಡೀರಿ."

ಬಾಗಿಲು ತೆರೆಯದ್ದು ಕಂಡು ಮನೆಗೆ ಬಂದಳು. ಮರುದಿನ ಬೆಳಿಗ್ಗೆ ನೋಡಿದರೆ ಬಾಟಲಿ ಇಟ್ಟ ಜಾಗದಲ್ಲೇ ಇತ್ತು. ತುಂಬಿದ್ದದ್ದು ತುಂಬಿದ ಹಾಗೇ.

'ನಾನು ಸುಮ್ಮನಿದ್ದದ್ದು ಗೊತ್ತಾಗಿದೆ ಇವರಿಗೆ,' ಅಂದುಕೊಂಡಳು ಕಿನಾಂತಿ. 'ಅಮ್ಮನ್ನ ಕೊಂದವಳ ಕೈಯ ಕಷಾಯ ಯಾರು ಕುಡೀತಾರೆ...'

ಅಲ್ಲಿಂದ ಅವಳು ಆ ಓಣಿಗೆ ಹೋಗುವುದನ್ನು ಬಿಟ್ಟಳು. ಅವನು ಅವಳ ಮನೆಯ ಮುಂದಿನ ದಾರಿ ಬಿಟ್ಟ. ತರ್ನೊ ಜಕಾರ್ತಕ್ಕೂ ಹೋಗಲಿಲ್ಲ, ಅಂಗಳಕ್ಕೂ ಬರಲಿಲ್ಲ. ಮನೆಯ ಮೂಲೆಯಲ್ಲಿ ಕೂತು ಸೊರಗಿಹೋದ. ಮಾತು ಮುಗಿಸಿದ್ದ ಮದುವೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ವರ್ಷ ತಿರುಗಿತು. ಉಪವಾಸದ ತಿಂಗಳಿಗೆ ಮೊದಲು ಊರವರೆಲ್ಲ ಸಮಾಧಿಗಳ ಹುಲ್ಲು ಕಿತ್ತು ಹೂ ಹಾಕುವ ದಿನಗಳು ಬಂದವು. ಎಲ್ಲರೂ ಹೋಗಿಬಂದ ಮೇಲೆ, ಬಿಸಿಲು ಇಳಿಯುವ ಹೊತ್ತಿಗೆ ಕಿನಾಂತಿ ಗುಲಾಬಿ ಎಸಳಿನ ಬುಟ್ಟಿ ಹಿಡಿದು ಸ್ಮಶಾನಕ್ಕೆ ಹೋದಳು. ಬೇಲಿಯಂಚಿನ ಆ ಒಂಟಿ ಸಮಾಧಿಯ ಬಳಿ ಕೂತು ಹೂ ಸುರಿದಳು.

"ಬು... ನಾನು ಹೇಳಬಹುದಾಗಿತ್ತು. ಒಂದೇ ಒಂದು ಮಾತು..."

"ಯಾವ ಮಾತು?"

ಅವಳು ಬೆಚ್ಚಿ ತಿರುಗಿದಳು. ಕೈಯಲ್ಲಿ ನೀರಿನ ಕೊಡ ಹಿಡಿದು ಸೆನೊ ನಿಂತಿದ್ದ. ಎಷ್ಟು ಇಳಿದುಹೋಗಿದ್ದಾನೆ! ಎದ್ದು ಓಡಿಬಿಡಬೇಕು ಅನ್ನಿಸಿತು. ಆದರೆ ಸತ್ತವರ ಮುಂದೆ ಸುಳ್ಳು ಹೇಳುವುದು ಹೇಗೆ? ಹೇಳಿದಳು. ಹಿತ್ತಲ ಬಾಗಿಲು, ಚಾಪೆ, ಚಹಾ, ಮಡಿಲಲ್ಲಿಟ್ಟ ಮಾಸ್ಕ್... ಎಲ್ಲ ಹೇಳಿದಳು.

"ನಾನು ನೋಡಿದೆ ಸೆನೊ. ನೋಡಿ ಸುಮ್ಮನಿದ್ದೆ. ಅತ್ತೆಗೆ ಹೇಗೆ ಹೇಳೋದು ಅಂತ."

ಅವನ ಮುಖ ಕಲ್ಲಾಯಿತು.

"ಒಂದು ಮಾತು!" ಎಂದ. "ಇಡೀ ಊರಿಗೆ ಹೇಳ್ತಿದ್ದೆ! ನನ್ನ ಅಮ್ಮನಿಗೆ ಒಂದು ಮಾತು ಹೇಳೋಕಾಗಲಿಲ್ವಾ ನಿನಗೆ?"

ಕೊಡವನ್ನು ಅಲ್ಲೇ ಇಟ್ಟು ಅವನು ನಡೆದುಬಿಟ್ಟ. ಕಿನಾಂತಿ ಕರೆಯಲಿಲ್ಲ. ಕರೆಯುವ ಹಕ್ಕು ತನಗೆಲ್ಲಿದೆ? ಮೊಣಕಾಲಲ್ಲಿ ಮುಖ ಹುದುಗಿಸಿ ಕೂತಳು.

ಎಷ್ಟೋ ಹೊತ್ತಾದ ಮೇಲೆ ಪಕ್ಕದಲ್ಲಿ ನೀರು ಸುರಿಯುವ ಸದ್ದು ಕೇಳಿಸಿತು. ಸೆನೊ ಸಮಾಧಿಗೆ ನೀರು ಹಾಕುತ್ತಿದ್ದ. ಅವನ ಕಣ್ಣು ಕೆಂಪಗಾಗಿತ್ತು.

"ಅಮ್ಮನಿಗೆ ನಿಮ್ಮಪ್ಪ ಬಂದಿದ್ದು ಯಾರು ಹೇಳಿದ್ರು ಗೊತ್ತಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ನಾನೇ. ಹಬ್ಬದ ಬೆಳಿಗ್ಗೆ ಅಮ್ಮನ ಮೊಣಕಾಲಿಗೆ ಹಣೆ ಇಟ್ಟು ಎದ್ದೆ. ಖುಷಿ ತಡೀಲಿಲ್ಲ. ಅಮ್ಮಾ, ಕಿನಾಂತಿ ಅಪ್ಪ ಬಂದಿದ್ದಾರೆ, ಹೋಗಿ ಕೇಳು ಅಂದೆ. ಕಾಯೋಣ ಕಣೋ, ಎರಡು ವಾರ ಆಗ್ಲಿ ಅಂದ್ಲು ಅಮ್ಮ. ನಾನು ಬಿಡಲಿಲ್ಲ..." ಅವನು ಕೊಡ ಕೆಳಗಿಟ್ಟ. "ಬೆನ್ನು ತಿರುಗಿಸಿದ್ದೂ ನಾನೇ, ಕಳಿಸಿದ್ದೂ ನಾನೇ. ಇದನ್ನ ಯಾರಿಗೂ ಹೇಳಿಲ್ಲ. ಈಗ ನಿನಗೆ ಬೈದು ಅಲ್ಲಿ ತನಕ ಹೋದೆ. ಕಾಲು ಮುಂದೆ ಹೋಗಲಿಲ್ಲ."

"ಸೆನೊ..."

"ನಿನ್ನ ಮುಖ ಹೇಗೆ ನೋಡಲಿ ಅಂತ ಆ ದಾರೀನೇ ಬಿಟ್ಟೆ."

"ನಾನು... ನೀವು ನನ್ನ ಮೇಲೆ ಹೇಸಿಗೆ ಪಟ್ಟು ಬಾಟಲಿ ಮುಟ್ಟಲಿಲ್ಲ ಅಂದ್ಕೊಂಡೆ."

"ಹುಚ್ಚೀ!" ಎಂದ ಅವನು. ಅಳುವಿನ ನಡುವೆಯೇ ಬಂದ ಮಾತು. "ನನಗೆ ಅವತ್ತು ಜ್ವರ ಇತ್ತು. ನಾನು ಮುಟ್ಟಿದ ಬಾಟಲಿ ಮತ್ತೆ ನೀನು ತಗೊಂಡು ಹೋಗ್ತೀಯಲ್ಲ... ಬಾಗಿಲ ಸಂದಿಯಿಂದ ನೋಡ್ತಾ ಕೂತಿದ್ದೆ. ಒಬ್ಬಳನ್ನ ಕಳ್ಕೊಂಡಿದ್ದೆ ಕಣೇ, ಇನ್ನೊಬ್ಬಳನ್ನೂ ಹೇಗೆ ಕಳ್ಕೊಳ್ಳಲಿ?"

ಆಗ ಕಿನಾಂತಿ ಅತ್ತಳು. ಒಂದು ವರ್ಷದಿಂದ ಬಾರದಿದ್ದ ಅಳು. ಅವನೂ ಅತ್ತ. ಇಬ್ಬರ ನಡುವೆ ಒಂದು ಸಮಾಧಿ ಇತ್ತು, ಅದು ಎಲ್ಲಿಗೂ ಹೋಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಕತ್ತಲಾಗುವ ಮುಂಚೆ ಸೆನೊ ಎದ್ದು ಕೈಯ ಮಣ್ಣು ಒರೆಸಿಕೊಂಡ.

"ಅಮ್ಮ ಮಾತು ಮುಗಿಸಿ ಹೋಗಿದ್ದಾಳೆ. ಅದನ್ನ ನಡೆಸೋದು ನನಗೆ ಬೇಕು. ನಿನಗೆ ಭಾರ ಅನ್ನಿಸಿದ್ರೆ ಬೇಡ."

"ಭಾರನೇ," ಎಂದಳು ಅವಳು ಕಣ್ಣೊರೆಸಿಕೊಂಡು. "ಒಬ್ಬಳೇ ಹೊತ್ತು ಸಾಕಾಗಿದೆ. ಆದ್ರೆ ಅಪ್ಪ ನಿಮ್ಮ ಹೆಸರು ಕೇಳಿದ್ರೂ ನಡುಗ್ತಾರೆ."

"ನಾನೇ ಬರ್ತೀನಿ. ನಾಳೆ ಬರಲಾ?"

ಕಿನಾಂತಿ ಹೂಂ ಎಂದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತಳು. ಅದೇ ಸುಂಕಾನ್ ಗಂಟಲು ಹಿಡಿದುಕೊಂಡಿತು, ಆದರೂ ಹೇಳಿದಳು.

"ಮಾಸ್ಕ್ ಹಾಕ್ಕೊಂಡು ಬನ್ನಿ. ಅಪ್ಪನ ಮುಂದೆ ಕೂತಾಗಲೂ ತೆಗೀಬೇಡಿ. ಅವರು ಬೇಜಾರು ಮಾಡ್ಕೊಂಡ್ರೂ ತೆಗೀಬೇಡಿ. ಏನಂದುಕೊಂಡ್ರೂ ಪರವಾಗಿಲ್ಲ ನನಗೆ, ನಾನು ಹೇಳೇ ಹೇಳ್ತೀನಿ."

ಸೆನೊನ ಕಣ್ಣು ಮತ್ತೆ ತುಂಬಿ ಬಂತು.

"ಹೇಳು," ಎಂದ ಮೆಲ್ಲಗೆ. "ಬದುಕಿರೋ ತನಕ ಹೇಳ್ತಾನೇ ಇರು."